ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು

ಜೂನ್ 4

ದೊಡ್ಡಮ್ಮನಿಗೆ ನಮಸ್ಕಾರ.

ಫೋನಿನಲ್ಲಿ ನಾನು ಕಿರುಚುವುದು, ನೀವು "ಏನಂದೆ? ಇನ್ನೊಂದ್ಸಲ ಹೇಳು" ಎನ್ನುವುದು, ಇದರಿಂದ ನಮ್ಮ ಮನೆಯ ಗುಟ್ಟೆಲ್ಲ ಕೆಳಗಿನ ಮನೆಯವರಿಗೆ ಬಾಯಿಪಾಠವಾಗಿದೆ. ಅದಕ್ಕೇ ಈ ಕಾಗದ.

ತೀರಿಕೊಂಡ ಓದುಗರೊಬ್ಬರ ಮನೆಯಿಂದ ನಮ್ಮ ಲೈಬ್ರರಿಗೆ ಎರಡು ಟ್ರಂಕು ಪುಸ್ತಕ ಬಂದಿವೆ. ಎಲ್ಲ ನೀವು ಚಿಕ್ಕ ವಯಸ್ಸಿನಲ್ಲಿ ಟೈಪಿಸ್ಟ್ ಆಗಿದ್ದ ಆ ಪ್ರಕಾಶನದವು. ಅಂಗಿ ಜೇಬಿಗೆ ಹಿಡಿಯುವ ವೈಜ್ಞಾನಿಕ ಕಾದಂಬರಿಗಳು. ಬೆನ್ನಿನ ಮೇಲೆ ಕ್ರಮಸಂಖ್ಯೆ, ಒಂದರಿಂದ ಅರವತ್ತೆಂಟು, ನಡುವೆ ಒಂದೂ ತಪ್ಪಿಲ್ಲ. ಸಡಿಲವಾದವನ್ನು ಅಂಟಿಸಿ ಹೊಲಿಯುವ ಕೆಲಸ ಬೈಂಡಿಂಗ್ ಕೋಣೆಯ ನನ್ನ ಪಾಲಿಗೆ ಬಂತು. ಕಥೆಗಳು ಅಷ್ಟಕ್ಕಷ್ಟೇ. ಆದರೆ ಮುಖಪುಟ ನೋಡುತ್ತ ಕೂತರೆ ಕೈಯಲ್ಲಿ ಅಂಟು ಒಣಗಿದ್ದೂ ಗೊತ್ತಾಗುವುದಿಲ್ಲ.

ಅಕ್ಟೋಬರಿನಲ್ಲಿ ಇವುಗಳ ಪ್ರದರ್ಶನವಿದೆ, ಜೊತೆಗೊಂದು ಚಿತ್ರಸಂಪುಟ. ಪ್ರತಿ ಮುಖಪುಟದ ಕೆಳಗೆ ಅದನ್ನು ಬರೆದವರ ಹೆಸರು ಹಾಕಬೇಕು ಎಂದು ನಮ್ಮ ಮುಖ್ಯಸ್ಥೆ ಮೇಡಂ ನನಗೆ ಹಚ್ಚಿದ್ದಾರೆ. ಮೂವತ್ತೇಳರ ಮೇಲೆ ನಿಮ್ಮ ಆಫೀಸಿನ ಚಿತ್ರ ವಿಭಾಗದ ಮಾಸ್ತರರ ಸಹಿ ಇದೆ. ಉಳಿದ ಮೂವತ್ತೊಂದರಲ್ಲಿ ಸಹಿಯೇ ಇಲ್ಲ. ಒಳಗೆ "ಮುಖಪುಟ: ಸ್ಟುಡಿಯೊ" ಎಂದಷ್ಟೇ ಅಚ್ಚಾಗಿದೆ. ಅವೂ ಮಾಸ್ತರರವೇ ಎಂದು ಎಲ್ಲರೂ ಹೇಳುತ್ತಾರೆ. ನನಗೇಕೋ ಅನುಮಾನ. ಅವರ ಸಹಿ ಇರುವ ಚಿತ್ರಗಳಲ್ಲಿ ಆಕಾಶ ಕಡುಕಪ್ಪು. ಸಹಿ ಇಲ್ಲದ ಬಹಳಷ್ಟರಲ್ಲಿ ಒಂಥರಾ ಬದನೆಕಾಯಿ ಬಣ್ಣ, ಅದರ ತುಂಬ ಸೂಜಿಮೊನೆಯಿಂದ ಒಂದೊಂದಾಗಿ ಇಟ್ಟಂಥ ನಕ್ಷತ್ರಗಳು.

ಅಲ್ಲಿ ಬೇರೆ ಯಾರಾದರೂ ಚಿತ್ರ ಬರೆಯುತ್ತಿದ್ದರೇ? ನೆನಪು ಮಾಡಿಕೊಂಡು ಬರೆಯಿರಿ.

ನಿಮ್ಮ
ಇರುವೆ


ಜೂನ್ 15

ಇರುವೆಗೆ ಆಶೀರ್ವಾದ.

ಚಿಕ್ಕವನಿದ್ದಾಗ ಗುಂಡಿ, ಮುಚ್ಚಳ, ಮುರಿದ ಪೆನ್ಸಿಲು, ಸಿಕ್ಕಿದ್ದನ್ನೆಲ್ಲ ಗೋಡೆ ಪಕ್ಕ ಸಾಲು ಹಚ್ಚುತ್ತಿದ್ದೆ ಎಂದು ನಿನಗೆ ಆ ಹೆಸರಿಟ್ಟೆ. ಈಗ ಅದೇ ಕೆಲಸಕ್ಕೆ ಸಂಬಳ ಕೊಡುತ್ತಾರೆ ಎಂದರೆ ನೀನು ಪುಣ್ಯವಂತ.

ಟೈಪಿಸ್ಟಿಗೆ ಚಿತ್ರದ ವಿಷಯ ಏನು ಗೊತ್ತು? ನಲವತ್ತೆರಡು ವರ್ಷದ ಹಿಂದೆ ಬಿಟ್ಟ ಕೆಲಸ. ಆಮೇಲೆ ಮೂವತ್ತು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಪೈಪುಗಳ ನಕ್ಷೆ ಎಳೆದವಳು ನಾನು. ಯಾವ ಬೀದಿಯಲ್ಲಿ ಯಾವ ವಾಲ್ವು ಇದೆ ಕೇಳು, ಹೇಳುತ್ತೇನೆ. ಮೂವತ್ತೊಂದಕ್ಕೂ ಮಾಸ್ತರರ ಹೆಸರು ಹಾಕಿ ಕೈತೊಳೆದುಕೊ. ಸತ್ತವರ ಜೊತೆ ಯಾಕೆ ಜಗಳ?

ಒಂದು ಮಾತು. ನಕ್ಷತ್ರಗಳನ್ನು ಸೂಜಿಮೊನೆಯಿಂದ ಇಟ್ಟಂತೆ ಎಂದು ಬರೆದಿದ್ದೀಯ. ಮಂಗ. ಅದು ಹಳೆಯ ಹಲ್ಲುಜ್ಜುವ ಬ್ರಷ್ಷು. ಬಿಳಿ ಬಣ್ಣ ಅದ್ದಿ, ಹೆಬ್ಬೆರಳ ಉಗುರಿನಿಂದ ಬ್ರಷ್ಷಿನ ಎಳೆಗಳನ್ನು ಬಾಗಿಸಿ ಬಿಟ್ಟರೆ ನಕ್ಷತ್ರ ಚಿಮ್ಮುತ್ತದೆ. ಬಣ್ಣ ನೀರಾದರೆ ಆಕಾಶದಲ್ಲಿ ಹಾಲು ಚೆಲ್ಲಿದಂತೆ ಆಗುತ್ತದೆ. ಗ್ರಹದ ಮೇಲೆ ಬೀಳಬಾರದು ಎಂದರೆ ಮೊದಲು ಅದರ ಮೇಲೆ ತಟ್ಟೆ ಬೋರಲು ಹಾಕಬೇಕು. ಮತ್ತೆ ಅದು ಬದನೆಕಾಯಿ ಬಣ್ಣವೂ ಅಲ್ಲ, ನೀಲಿಗೆ ಇಟ್ಟಿಗೆ ಕೆಂಪು ಬೆರೆಸಿದ್ದು. ಬರೀ ಕಪ್ಪು ಬಳಿದರೆ ಅಚ್ಚಿನಲ್ಲಿ ಸತ್ತುಹೋಗುತ್ತದೆ.

ಇದೆಲ್ಲ ಅಲ್ಲಿ ಇಲ್ಲಿ ಕಂಡದ್ದು, ಅಷ್ಟೇ.

ಇಂತಿ,
ದೊಡ್ಡಮ್ಮ


ಜೂನ್ 24

ದೊಡ್ಡಮ್ಮನಿಗೆ ನಮಸ್ಕಾರ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಟೈಪ್ ಮಾಡುವವರ ಹೆಬ್ಬೆರಳ ಉಗುರಿಗೆ ಹಲ್ಲಿನ ಬ್ರಷ್ಷಿನ ವಿಷಯ ಹೇಗೆ ಗೊತ್ತಾಯಿತು, ದೊಡ್ಡಮ್ಮ?

ಮಾಸ್ತರರ ಮಗ ಫ್ರೇಮು ಹಾಕುವ ಅಂಗಡಿ ಇಟ್ಟಿದ್ದಾರೆ. ಆಫೀಸು ಮುಚ್ಚಿದಾಗ ಮುಖಪುಟಗಳ ಮೂಲಚಿತ್ರಗಳೆಲ್ಲ ಅವರ ಮನೆಗೆ ಬಂದವಂತೆ. ಪ್ರದರ್ಶನಕ್ಕೆಂದು ಅವನ್ನು ನಮಗೆ ಕಳಿಸಿದ್ದಾರೆ. ಸಹಿ ಇಲ್ಲದ ಚಿತ್ರಗಳ ಗ್ರಹಗಳನ್ನು ಅಳೆದೆ. ಹನ್ನೊಂದು ಗ್ರಹಗಳು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಒಂದೇ ಅಗಲ. ಎಲ್ಲವೂ ಒಂದೇ ತಟ್ಟೆ.

ಆಮೇಲೆ ಇಪ್ಪತ್ತಮೂರನೆಯದರಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಗಗನಯಾತ್ರಿ ಬಲತೋಳು ಎತ್ತಿ ಕೈ ಬೀಸುತ್ತಿದ್ದಾನೆ, ಆದರೆ ಹೆಬ್ಬೆರಳು ತಪ್ಪು ಕಡೆಗಿದೆ. ಪಾಪ, ಅವನಿಗೆ ಎರಡೂ ಎಡಗೈಗಳೇ! ನಗುತ್ತ ಉಳಿದವನ್ನು ನೋಡಿದೆ. ಮೂವತ್ತಾರರಲ್ಲಿ ಹಾಗೇ, ಐವತ್ತರಲ್ಲೂ ಹಾಗೇ. ಫೋಟೊ ತೆಗೆದು ತಂದು ಅಮ್ಮನಿಗೆ ತೋರಿಸಿದೆ. ಅಮ್ಮ ನಗಲಿಲ್ಲ. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡಳು.

"ಲೋ, ಇದು ನಮ್ಮಕ್ಕನ ಕಿರುಬೆರಳು ಕಣೋ. ಒಳಗಡೆ ಹೇಗೆ ಸೊಟ್ಟಗಾಗಿದೆ ನೋಡು. ನಾನು ಬಾಗಿಲು ಹಾಕಿದಾಗ ಸಿಕ್ಕಿಹಾಕಿಕೊಂಡಿದ್ದು. ಅವತ್ತು ತಿಂದ ಏಟು ನನಗೆ ಇವತ್ತಿಗೂ ನೆನಪಿದೆ."

ನಿಮ್ಮ ಎಡಗೈ ನೋಡಬೇಕು, ದೊಡ್ಡಮ್ಮ.

ಇರುವೆ


ಜುಲೈ 6

ಎಡಗೈ. ಕಾಗದದ ಮೇಲೆ ಊರಿ, ಸುತ್ತ ಪೆನ್ಸಿಲಿನಿಂದ ಎಳೆದಿದ್ದೇನೆ. ಈಗ ಇನ್ನೇನೂ ಕೇಳಬೇಡ.

ದೊಡ್ಡಮ್ಮ


ಜುಲೈ 12

ದೊಡ್ಡಮ್ಮನಿಗೆ ನಮಸ್ಕಾರ.

ಇಪ್ಪತ್ತೆರಡು ಮುಖಪುಟಗಳಲ್ಲಿ ಅದೇ ಕೈ. ಹೆಂಗಸಿನ ಮೈಗೂ ಅದೇ, ಗಂಡಸಿನ ಮೈಗೂ ಅದೇ, ಹಸಿರು ಚರ್ಮದ ಪರಗ್ರಹದವನಿಗೂ ಅದೇ ಸೊಟ್ಟ ಕಿರುಬೆರಳು! ಮಾಸ್ತರರು ಎಡಗೈಯಲ್ಲಿ ಬರೆಯುತ್ತಿದ್ದರು. ಬ್ರಷ್ಷು ಹಿಡಿದು ಕೂತಿರುವ ಅವರ ಫೋಟೊ ನಮ್ಮಲ್ಲಿದೆ. ತಮ್ಮ ಕೈ ನೋಡಿಕೊಂಡು ಬರೆದಿದ್ದರೆ ಅವರು ಬಲಗೈ ನೋಡಬೇಕಿತ್ತು. ನಾನು ಬೈಂಡಿಂಗ್ ಕೋಣೆಯಲ್ಲಿ ಕುಣಿದೆ. ಅಂಟಿನ ಡಬ್ಬ ಉರುಳಿತು, ಬೈಸಿಕೊಂಡೆ, ಆದರೂ ಕುಣಿದೆ.

ಅಮ್ಮ ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದಳು. "ಒಂದೇ ಕೋಣೆಲಿ ಮಲಗ್ತಿದ್ವಿ. ಒಂದು ಮಾತು ಹೇಳಲಿಲ್ವಲ್ಲ" ಎಂದು ಅತ್ತಳು.

ನೀವು ಕೇಳಬೇಡ ಎಂದಿದ್ದೀರಿ. ಆದರೂ ಕೇಳುತ್ತಿದ್ದೇನೆ. ಏನಾಯಿತು?

ಇರುವೆ


ಜುಲೈ 27

ಇರುವೆಗೆ ಆಶೀರ್ವಾದ.

ನಿನ್ನಮ್ಮನಿಗೆ ಅಳಬೇಡ ಎಂದು ಹೇಳು. ಅವಳಿಗೆ ಹೇಳಿದ್ದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತಿತ್ತು, ರಾತ್ರಿಯೊಳಗೆ ಅಪ್ಪನಿಗೆ.

ಟೈಪಿಸ್ಟ್ ಎಂದದ್ದು ಪೂರ್ತಿ ಸುಳ್ಳಲ್ಲ. ಸೇರಿದ್ದು ಆ ಕೆಲಸಕ್ಕೇ. ಮೂರನೆಯ ವಾರ ಮಾಸ್ತರರ ಚಿತ್ರ ತಡವಾಗಿ, ಪ್ರೆಸ್ಸಿನವನು ಬಾಗಿಲಲ್ಲಿ ಬಂದು ನಿಂತ. ನಾನು ಹಾಳೆಯ ಹಿಂದೆ ಗೀಚಿದ್ದ ರಾಕೆಟ್ಟು ಅವರ ಕಣ್ಣಿಗೆ ಬಿತ್ತು. "ಇದನ್ನೇ ದೊಡ್ಡದು ಮಾಡು" ಅಂದರು. ಅದೇ ಆರನೆಯ ಪುಸ್ತಕ. ಅಂದು ಟೈಪ್ ಮೆಷಿನ್ನಿನ ಮೇಲೆ ಹಾಕಿದ ಹೊದಿಕೆಯನ್ನು ಏಳು ವರ್ಷ ತೆಗೆಯಲಿಲ್ಲ. ರಾಕೆಟ್ಟಿಗೆ ನನ್ನ ಕಾಫಿ ಫ್ಲಾಸ್ಕೇ ಮಾದರಿ. ಗಗನಯಾತ್ರಿಯ ತಲೆಯ ಗೋಳಕ್ಕೆ ಮೆಟ್ಟಿಲ ದೀಪದ ಗಾಜಿನ ಬುರುಡೆ. ಮಾಡೆಲ್ ಕರೆಸಿ ಎಂದರೆ ಪ್ರಕಾಶಕರು ದುಡ್ಡು ಕೊಡುತ್ತಿದ್ದರೇ? ಎಡಗೈಯನ್ನು ಕಣ್ಣ ಮುಂದೆ ಹಿಡಿದು ಬಲಗೈಯಲ್ಲಿ ಬರೆದೆ. ಬಲತೋಳಿಗೂ ಎಡಗೈ ಹೋಗಿ ಕೂತದ್ದು ಅಚ್ಚಾದ ಮೇಲೆ ತಿಳಿಯಿತು. ತಿಳಿದ ಮೇಲೂ ಇನ್ನೆರಡು ಸಲ ಅದೇ ತಪ್ಪು ಮಾಡಿದೆ. ಯಾರೂ ನೋಡಲಿಲ್ಲ. ಗ್ರಹದಿಂದ ಗ್ರಹಕ್ಕೆ ಹಾರುವವನ ಹೆಬ್ಬೆರಳಿನ ಚಿಂತೆ ಯಾರಿಗೆ?

ಮಾಸ್ತರರು ಕೆಟ್ಟವರಲ್ಲ. ನೆರಳಿಗೂ ಬಣ್ಣವಿದೆ ಎಂದು ಕಲಿಸಿದವರು ಅವರು. ಏಳನೆಯ ವರ್ಷ ನಾನು, ಮೂಲೆಯಲ್ಲಿ ಸಣ್ಣದಾಗಿ ನನ್ನ ಹೆಸರು ಹಾಕಿಕೊಳ್ಳಲೇ ಎಂದು ಕೇಳಿದೆ. ಅವರು ಬಹಳ ಸಮಾಧಾನವಾಗಿ, "ರಾಕೆಟ್ ಬರೆಯೋ ಹೆಂಗಸನ್ನ ಯಾರಮ್ಮ ನಂಬ್ತಾರೆ? ಎತ್ತಿದ ಪುಸ್ತಕ ಕೆಳಗಿಡ್ತಾರೆ. ನಿನ್ನ ಚಿತ್ರಕ್ಕೆ ನಾನೂ ಸಹಿ ಹಾಕ್ತಿಲ್ಲ ನೋಡು, ಅಲ್ಲಿಗೆ ಸರಿಹೋಯ್ತಲ್ಲ" ಅಂದರು. ನ್ಯಾಯ ತೀರ್ಮಾನ ಮಾಡಿದವರ ಹಾಗೆ!

ನನಗೆ ಮೈಯೆಲ್ಲ ಉರಿದುಹೋಯಿತು. ಬ್ರಷ್ಷು ತೊಳೆದು, ಒರೆಸಿ, ಅವರ ಮೇಜಿನ ಮೇಲಿಟ್ಟು ಬಂದೆ. ಮತ್ತೆ ಬಣ್ಣ ಮುಟ್ಟಲಿಲ್ಲ. ಜೂನಿನಲ್ಲಿ ಮಾಸ್ತರರ ಹೆಸರೇ ಹಾಕು ಎಂದು ಬರೆದೆನಲ್ಲ, ಅದು ಶುದ್ಧ ಸುಳ್ಳು. ನನಗೆ ನನ್ನ ಹೆಸರು ಬೇಕು ಕಣೋ. ಆಗಲೂ ಬೇಕಿತ್ತು, ಈಗಲೂ ಬೇಕು. ನಿನಗಲ್ಲದೆ ಇನ್ಯಾರಿಗೂ ಇದನ್ನು ಹೇಳಿಲ್ಲ.

ದೊಡ್ಡಮ್ಮ


ಆಗಸ್ಟ್ 14

ದೊಡ್ಡಮ್ಮನಿಗೆ ನಮಸ್ಕಾರ.

ಸ್ವಲ್ಪ ತೊಡಕಾಗಿದೆ. ಮಾಸ್ತರರ ಮಗನನ್ನು ಮೇಡಂ ಕರೆಸಿದ್ದರು. ನಾನು ಕೈಗಳಿರುವ ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿ, ನೀವು ಕಳಿಸಿದ ಪೆನ್ಸಿಲ್ ಕೈಯನ್ನೂ ಪಕ್ಕದಲ್ಲಿಟ್ಟು, ಪಾಠ ಒಪ್ಪಿಸಿದಂತೆ ಒಪ್ಪಿಸಿದೆ. ಅವರು ಎಲ್ಲ ಕೇಳಿಸಿಕೊಂಡು, "ಕೈ ಆಯಮ್ಮಂದೇ ಇರಬಹುದು. ಟೈಪಿಸ್ಟ್ ಕೈ ಚಾಚಿ ಕೂತಿರಬಹುದು, ನಮ್ಮಪ್ಪ ನೋಡಿ ಬರೆದಿರಬಹುದು. ನನ್ನ ಅಂಗಡಿ ಕನ್ನಡೀಲಿ ಮುಖ ಕಂಡೋರೆಲ್ಲ ಕನ್ನಡಿ ಮಾಡಿದೋರಾ?" ಅಂದರು.

ತಂದೆಯ ಹೆಸರು ತೆಗೆದರೆ ಮೂಲಚಿತ್ರಗಳನ್ನೆಲ್ಲ ವಾಪಸ್ಸು ಒಯ್ಯುತ್ತಾರಂತೆ. ಕೋಪ ಮಾಡಿಕೊಂಡು ಹೇಳಲಿಲ್ಲ, ನೋವಿನಿಂದ ಹೇಳಿದರು. ಸೆಪ್ಟೆಂಬರ್ ಹತ್ತಕ್ಕೆ ಚಿತ್ರಸಂಪುಟ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಅವರು ಒಪ್ಪದಿದ್ದರೆ ಎಲ್ಲದರ ಕೆಳಗೂ ಮಾಸ್ತರರ ಹೆಸರೇ ಎಂದು ಮೇಡಂ ತೀರ್ಮಾನಿಸಿದ್ದಾರೆ.

ಸಹಿ ಇಲ್ಲದ ಮೂವತ್ತೊಂದರ ಪಟ್ಟಿ ಕಳಿಸಿದ್ದೇನೆ. ಇವೆಲ್ಲ ನನ್ನವು ಎಂದು ಕೆಳಗೆ ಬರೆದು, ರುಜು ಹಾಕಿ ಕಳಿಸಿ.

ಇರುವೆ


ಆಗಸ್ಟ್ 22

ಇರುವೆಗೆ ಆಶೀರ್ವಾದ.

ಪಟ್ಟಿಗೆ ಗುರುತು ಹಾಕಿದ್ದೇನೆ. ಇಪ್ಪತ್ತೊಂಬತ್ತು ನನ್ನವು. ಒಂಬತ್ತನೆಯದೂ ಹನ್ನೊಂದನೆಯದೂ ನನ್ನವಲ್ಲ, ಮಾಸ್ತರರವು. ಅವೆರಡರಲ್ಲಿ ಕೈಗಳೇ ಕಾಣುವುದಿಲ್ಲ. ಸಹಿ ಇಲ್ಲ ಎಂದ ಮಾತ್ರಕ್ಕೆ ನೀನು ಅವನ್ನೂ ನನ್ನ ಸಾಲಿಗೆ ಸೇರಿಸಿದ್ದೀಯ. ಸಕ್ಕರೆ ಸಿಕ್ಕಿತೆಂದು ಇರುವೆ ಪಕ್ಕದ ಉಪ್ಪನ್ನೂ ಹೊತ್ತ ಹಾಗಾಯಿತು.

ಒಂಬತ್ತು ನೆನಪಿದೆಯಲ್ಲ? ಮಂಜು ಕವಿದ ಗ್ರಹದಲ್ಲಿ ನಮಗೆ ಬೆನ್ನು ಮಾಡಿ ನಿಂತ ಹೆಂಗಸು. ಆಗ ಮಾಸ್ತರರು ತಿಂಗಳಿಗೂ ಮೇಲೆ ಪರಊರಿಗೆ ಹೋಗಿದ್ದರು. ಅಲ್ಲಿಂದ ಎರಡು ಚಿತ್ರ ಲಕೋಟೆಯಲ್ಲಿ ಆಫೀಸಿಗೆ ಬಂದವು. ಬಿಚ್ಚಿದವಳು ನಾನೇ. ಒಂಬತ್ತನೆಯದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ, ಹೊಟ್ಟೆಕಿಚ್ಚಿಗೆ. ಅಷ್ಟು ಚೆನ್ನಾಗಿದೆ.

ದೊಡ್ಡಮ್ಮ


ಆಗಸ್ಟ್ 28

ದೊಡ್ಡಮ್ಮ,

ದಯವಿಟ್ಟು ಕೇಳಿ. ಪೋಸ್ಟರಿಗೂ ಚಿತ್ರಸಂಪುಟದ ಹೊದಿಕೆಗೂ ಆರಿಸಿರುವುದು ಆ ಒಂಬತ್ತನೆಯದನ್ನೇ. ಊರಿಗೆಲ್ಲ ಗೊತ್ತಿರುವುದು ಅದೊಂದೇ. ನಾನು ಮೇಡಂ ಎದುರು ಮೂವತ್ತೊಂದು ಎಂದು ಎದೆ ತಟ್ಟಿ ಹೇಳಿಯಾಗಿದೆ. ಈಗ ಹೋಗಿ ಎರಡು ತಪ್ಪು ಎಂದರೆ, ಉಳಿದ ಇಪ್ಪತ್ತೊಂಬತ್ತೂ ತಪ್ಪು ಎನ್ನುತ್ತಾರೆ. ಅವರ ಕೈಗೆ ನಾವೇ ಕೋಲು ಕೊಟ್ಟು ಬೆನ್ನು ಬಗ್ಗಿಸಿದ ಹಾಗೆ.

ಸುಳ್ಳು ಹೇಳಿ ಎನ್ನುವುದಿಲ್ಲ. ಆ ಎರಡರ ಬಗ್ಗೆ ಸುಮ್ಮನಿದ್ದುಬಿಡಿ, ಸಾಕು. ಅಷ್ಟು ವರ್ಷ ಮಾಸ್ತರರು ನಿಮ್ಮದನ್ನು ಇಟ್ಟುಕೊಂಡಿರಲಿಲ್ಲವೇ?

ಇರುವೆ


ಸೆಪ್ಟೆಂಬರ್ 1

ಸುಮ್ಮನಿರುವುದನ್ನು ನಲವತ್ತೆರಡು ವರ್ಷ ಮಾಡಿದ್ದೇನೆ. ಅದನ್ನು ನನಗೆ ಕಲಿಸಬೇಡ.

ಇನ್ನೊಬ್ಬರ ಚಿತ್ರದ ಕೆಳಗೆ ನನ್ನ ಹೆಸರು ಬಂದರೆ, ನನ್ನ ಚಿತ್ರಗಳ ಕೆಳಗೆ ಬಂದ ನನ್ನ ಹೆಸರಿಗೆ ಏನು ಬೆಲೆ? ಮಾಸ್ತರರ ಮಗನಿಗೆ ನಾನೇ ಬರೆದು, ಪಟ್ಟಿಯ ನಕಲನ್ನೂ ಇಟ್ಟು, ಕಾಗದ ನಿನ್ನೆಯೇ ಟಪಾಲಿಗೆ ಹಾಕಿ ಬಂದೆ. ಅಂಗಡಿಯ ವಿಳಾಸ ಪಟ್ಟಿಯ ಹಿಂದೆಯೇ ಇತ್ತು, ನೀನು ಬರೆದದ್ದು ಅವರ ಅಂಗಡಿಯ ರಸೀದಿಯ ಮೇಲೆ. ಹಾಳೆಯ ಹಿಂಬದಿ ನೋಡುವುದು ನನ್ನ ಹಳೆಯ ಚಾಳಿ.

ಸಿಟ್ಟು ಬಂದಿದ್ದರೆ ಬರಲಿ. ಊಟ ಬಿಡಬೇಡ.

ದೊಡ್ಡಮ್ಮ


ಸೆಪ್ಟೆಂಬರ್ 6

ಅಮ್ಮನವರಿಗೆ, ಮಾಸ್ತರರ ಮಗ ಮಾಡುವ ನಮಸ್ಕಾರಗಳು.

ತಮ್ಮ ಕಾಗದ ಬಂತು. ಅಂಗಡಿಯಲ್ಲಿ ಓದಿದೆ, ಬಾಗಿಲು ಹಾಕಿದ ಮೇಲೆ ಇನ್ನೊಮ್ಮೆ ಓದಿದೆ. ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಮನ್ನಿಸಬೇಕು.

ಅಪ್ಪ ಆಗ ಪರಊರಿಗೆ ಹೋಗಿರಲಿಲ್ಲ. ಸ್ನಾನದಮನೆಯಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದರು. ಆಫೀಸಿಗೆ ತಿಳಿದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ ಎಂದು ಹೆದರಿ, ಹೊರಗೆ ಹೋಗಿದ್ದೇನೆ ಎಂದು ಹೇಳಿ ಕಳಿಸಿದ್ದರು. ಮಲಗಿದ್ದಲ್ಲೇ ಎದೆಯ ಮೇಲೆ ಹಲಗೆ ಇಟ್ಟುಕೊಂಡು ಎರಡು ಚಿತ್ರ ಬರೆದರು. ಮಂಜಿನಲ್ಲಿ ಬೆನ್ನು ಮಾಡಿ ನಿಂತವಳು ನನ್ನ ತಾಯಿ. ಕಿಟಕಿಯ ಹತ್ತಿರ ನಿಂತು ನಿಂತು ಅವಳ ಕಾಲು ಬಾತುಹೋಗಿತ್ತು. ಮಲಗಿ ಬರೆದದ್ದು ಸರಿಯಾಗಿಲ್ಲ ಎಂದು ಅಪ್ಪ ಸಹಿ ಹಾಕಲಿಲ್ಲ. ಅವರು ಮನೆಯಲ್ಲಿ ಬರೆದದ್ದು ಅವೆರಡೇ. ಈ ವಿಷಯ ನಮ್ಮ ಮನೆಯ ಮೂವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಇಬ್ಬರು ಈಗಿಲ್ಲ.

ಸಹಿ ಇಲ್ಲದ ಮೂವತ್ತೊಂದರಲ್ಲಿ ಸರಿಯಾಗಿ ಆ ಎರಡನ್ನೇ ತೆಗೆದು ನನಗೆ ಕೊಟ್ಟಿದ್ದೀರಿ. ಅದೂ ಎಲ್ಲಕ್ಕಿಂತ ಒಳ್ಳೆಯದನ್ನು. ಉಳಿದವನ್ನು ಬರೆದವರಿಗಲ್ಲದೆ ಬೇರೆ ಯಾರಿಗೆ ಇದು ಸಾಧ್ಯ? ಇಪ್ಪತ್ತೊಂಬತ್ತು ನಿಮ್ಮವು ಎಂದು ಇವತ್ತೇ ಲೈಬ್ರರಿಗೆ ಹೋಗಿ ಬರೆದುಕೊಟ್ಟು ಬಂದಿದ್ದೇನೆ. ಅಪ್ಪ ಇದ್ದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ ತಿಳಿಯದು. ನಾನು ಒಪ್ಪಿದ್ದೇನೆ.

ಕನ್ನಡಿಯ ಮಾತು ಆಡಬಾರದಿತ್ತು. ನಿಮ್ಮ ಚಿತ್ರಗಳಿಗೆ ಫ್ರೇಮು ನಾನೇ ಹಾಕುತ್ತೇನೆ. ಬೇಡ ಎನ್ನಬೇಡಿ.

ತಮ್ಮ ವಿಧೇಯ,
ಫ್ರೇಮ್ ಅಂಗಡಿಯವನು


ಸೆಪ್ಟೆಂಬರ್ 10

ದೊಡ್ಡಮ್ಮಾ!

ಅಚ್ಚಿಗೆ ಹೋಯಿತು! ಇಪ್ಪತ್ತೊಂಬತ್ತು ಪುಟಗಳಲ್ಲಿ ನಿಮ್ಮ ಹೆಸರು, ಇನಿಷಿಯಲ್ ಸಮೇತ, ಪೂರ್ತಿ. ಪ್ರೂಫು ನಾನೇ ನೋಡಿದೆ. ಒಂದೊಂದು ಸಲವೂ ಅಕ್ಷರ ಅಕ್ಷರ ಬಿಡಿಸಿ ಓದಿದೆ. ಒಂಬತ್ತು, ಹನ್ನೊಂದರ ಕೆಳಗೆ ಮಾಸ್ತರರ ಹೆಸರು. ಇವರಿಬ್ಬರೂ ಒಂದೇ ಕೋಣೆಯಲ್ಲಿ ಕೆಲಸ ಮಾಡಿದರು ಎಂದು ಮುನ್ನುಡಿಯಲ್ಲಿ ಮೇಡಂ ಬರೆದಿದ್ದಾರೆ.

ಸುಮ್ಮನಿರಿ ಎಂದು ನಿಮಗೆ ಬರೆದೆನಲ್ಲ, ಅದನ್ನು ನೆನೆದರೆ ತಲೆ ತಗ್ಗಿಸುವಂತಾಗುತ್ತದೆ. ಆ ಕಾಗದ ಹರಿದುಹಾಕಿ. ನನ್ನ ಮಾತು ಕೇಳಿದ್ದರೆ ನಾವು ಸೋಲುತ್ತಿದ್ದೆವು.

ಅಮ್ಮ ಕೆಳಗಿನ ಮನೆಯವರಿಗೆ ಆಗಲೇ ಹೇಳಿ ಬಂದಳು. ಈಗ ಎದುರು ಮನೆಗೆ ಹೊರಟಿದ್ದಾಳೆ. ಅಕ್ಟೋಬರ್ ಹದಿನೆಂಟಕ್ಕೆ ಉದ್ಘಾಟನೆ, ಬರಲೇಬೇಕು. ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ.

ನಿಮ್ಮ
ಇರುವೆ


ಅಕ್ಟೋಬರ್ 21

ಇರುವೆಗೆ ಆಶೀರ್ವಾದ.

ಸುಖವಾಗಿ ಊರು ಸೇರಿದೆ. ಮೂರನೆಯ ಮಹಡಿ ಹತ್ತುವಾಗ ಮಂಡಿ ಗೊಣಗಿತು, ನಾನು ಕಿವಿಗೊಡಲಿಲ್ಲ.

ಉದ್ಘಾಟನೆಯ ದಿನ ನೀನು ನೋಡಿದ್ದನ್ನು ಮತ್ತೆ ಬರೆಯುವುದಿಲ್ಲ. ನೋಡದೆ ಇದ್ದದ್ದನ್ನು ಬರೆಯುತ್ತೇನೆ. ಆ ಫ್ರೇಮ್ ಅಂಗಡಿಯವರು ನನ್ನನ್ನು ಒಂಬತ್ತನೆಯದರ ಮುಂದೆ ಕರೆದೊಯ್ದರು. "ನಿಮ್ಮ ತಾಯಿ ಎಷ್ಟು ಚೆನ್ನಾಗಿ ನಿಂತಿದ್ದಾರೆ, ನಾನಾಗಿದ್ದರೆ ಐದು ನಿಮಿಷಕ್ಕೆ ಕೂತುಬಿಡ್ತಿದ್ದೆ" ಅಂದೆ. ಅವರು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. "ನೀವು ಇನ್ನೂ ಬರೀಬೇಕು" ಅಂದರು. ಮಾಸ್ತರರ ಮೇಲೆ ನನಗಿದ್ದ ಸಿಟ್ಟು ಪೂರ್ತಿ ಹೋಗಿಲ್ಲ. ಮುಕ್ಕಾಲು ಪಾಲು ಹೋಯಿತು. ಉಳಿದದ್ದು ನನ್ನ ಹತ್ತಿರವೇ ಇರಲಿ, ಬರೆಯಲು ಕೂತಾಗ ಬೇಕಾಗುತ್ತದೆ. ನಿನ್ನೆ ಹೋಗಿ ಬಣ್ಣ ಕೊಂಡು ತಂದೆ.

ಇನ್ನೊಂದು ಸಂಗತಿ. ಮಾರನೆಯ ಸಂಜೆ ಪೇಟೆಯಲ್ಲಿ ಬಟ್ಟೆ ನೋಡಿಕೊಂಡು ಬರುತ್ತೇನೆ ಎಂದು ನಿನಗೂ ನಿನ್ನಮ್ಮನಿಗೂ ಸುಳ್ಳು ಹೇಳಿದೆ. ಲೈಬ್ರರಿಗೆ ಹೋದೆ. ಮೊದಲ ದಿನ ಜನ, ಮಾತು, ಕ್ಯಾಮೆರಾ, ಒಂದು ಚಿತ್ರವನ್ನೂ ನೆಟ್ಟಗೆ ನೋಡಲಾಗಿರಲಿಲ್ಲ. ಆರನೆಯದರಿಂದ ಶುರುಮಾಡಿ ಒಂದೊಂದರ ಮುಂದೆ ನಿಂತೆ. ಚಿತ್ರ ನೋಡಿದೆ, ಕೆಳಗೆ ಹೆಸರು ಓದಿದೆ, ಮುಂದಕ್ಕೆ ಹೋದೆ. ಕೊನೆಗೆ ಬರುವ ಹೊತ್ತಿಗೆ ಹಾಲಿನಲ್ಲಿ ಯಾರೂ ಉಳಿದಿರಲಿಲ್ಲ. ಕಾವಲುಗಾರ ಒಂದು ತುದಿಯಿಂದ ದೀಪ ಆರಿಸುತ್ತ ಬಂದ.

"ಅಮ್ಮಾ, ಟೈಮಾಯ್ತು. ಬಾಗಿಲು ಹಾಕಬೇಕು. ಯಾರಿಗಾದ್ರೂ ಕಾಯ್ತಿದ್ದೀರಾ?"

"ಇಲ್ಲಪ್ಪ. ಇವನ್ನ ಬರೆದೋಳು ನಾನು" ಅಂದೆ.

ಬಾಯಿಂದ ಹಾಗೇ ಬಂದುಬಿಟ್ಟಿತು. ಇಷ್ಟು ವರ್ಷ ಯಾರೆದುರೂ ಬಾಯಿಬಿಟ್ಟು ಹೇಳದ ಮಾತನ್ನು ಗುರುತಿಲ್ಲದವನೊಬ್ಬನಿಗೆ ಹೇಳಿ ನಿಂತಿದ್ದೆ. ಅವನು ಬಗ್ಗಿ ಹೆಸರು ಓದಿದ. ನನ್ನ ಮುಖ ನೋಡಿದ. ಪಕ್ಕದ ಚಿತ್ರದ ಹತ್ತಿರ ಹೋಗಿ ಅಲ್ಲೂ ಓದಿದ. ಆಮೇಲೆ ಗೋಡೆಯ ಹತ್ತಿರ ಹೋಗಿ, ಆರಿಸಿದ್ದ ದೀಪಗಳನ್ನೆಲ್ಲ ಒಂದೊಂದಾಗಿ ಮತ್ತೆ ಹಾಕಿದ.

ಇಂತಿ,
ದೊಡ್ಡಮ್ಮ